ಗಾಳಿ ತೆಗೆದ ಅಳಿಯ

ಮೆಲ್ಬರ್ನ್‌ನಿಂದ ಉತ್ತರಕ್ಕೆ ಒಂದು 60 ಕಿಮೀ ಹೋದ್ರೆ ಮೌಂಟ್ ಡಿಸಪಾಯಿಂಟ್‌ಮೆಂಟ್ ಅಂತ ಒಂದು ಬೆಟ್ಟ. ಸತ್ಯವಾಗ್ಲೂ ಅದೇ ಹೆಸರು. 1824ರಲ್ಲಿ ಹ್ಯೂಮ್, ಹೋವೆಲ್ ಅಂತ ಇಬ್ರು ಮೇಲಿಂದ ಸಮುದ್ರ ಕಾಣುತ್ತೆ ಅಂತ ಏದುಸಿರು ಬಿಟ್ಕೊಂಡು ಹತ್ತಿದ್ರಂತೆ, ನೋಡಿದ್ರೆ ಬರೀ ಮರ, ಬೇಜಾರಲ್ಲಿ ಈ ಹೆಸರಿಟ್ಟು ಇಳಿದ್ರು. ಈಗ ಆ ಕಾಡಲ್ಲಿ ಫೋರ್ ವೀಲ್ ಡ್ರೈವ್ ಕಲಿಯೋರು ಓಡಾಡೋ ಮಣ್ಣಿನ ಟ್ರ್ಯಾಕ್‌ಗಳಿವೆ. ವಿಕ್ಟೋರಿಯಾದಲ್ಲಿ ಟ್ರ್ಯಾಕ್‌ಗೂ ಗ್ರೇಡ್ ಕೊಡ್ತಾರೆ, ನಾವು ಹೋಗಿದ್ದು "ಈಜಿ". ಜೂನ್‌ನಲ್ಲಿ ಎಷ್ಟೋ ಟ್ರ್ಯಾಕಿಗೆ ಗೇಟ್ ಬೀಳುತ್ತೆ, ಅಷ್ಟರೊಳಗೆ ನೋಡ್ಬಿಡೋಣ ಅಂತ ಊರಿಂದ ಬಂದಿದ್ದ ಮಾವನ್ನೂ ಹತ್ತಿಸ್ಕೊಂಡೆ. ಮಾವ ಮಲೆನಾಡಿನ ಕೊಪ್ಪದ ಕಡೆಯವರು, ಜನರನ್ನ ತುಂಬ್ಕೊಂಡು ಹೋಗೋ ಸರ್ವಿಸ್ ಜೀಪ್ ಓಡಿಸಿದವರು.

ಡಾಂಬರು ಮುಗಿದಲ್ಲಿ ನಾನು ಕಾರ್ ನಿಲ್ಸಿ ಟೈರಿಂದ ಗಾಳಿ ಬಿಡೋಕೆ ಕೂತೆ. "ಏನ್ ಮಾಡ್ತಿದ್ದೀರಿ ಮಾರಾಯ್ರೇ!" ಅಂತ ಮಾವ ಓಡಿ ಬಂದ್ರು. 38 ಇದ್ದಿದ್ದನ್ನ 26 ಪಿಎಸ್ಐಗೆ ಇಳಿಸಿದ್ರೆ ಟೈರ್ ನೆಲಕ್ಕೆ ಅಗಲವಾಗಿ ಕೂರುತ್ತೆ, ಕಲ್ಲು ತಾಗಿದ್ರೆ ಮೆತ್ತಗೆ ಬಗ್ಗುತ್ತೆ, ಪಂಕ್ಚರ್ ಕಮ್ಮಿ ಅಂತೆಲ್ಲ ವಿವರಿಸಿದೆ.

"ಪಂಕ್ಚರ್ ಆಗ್ಬಾರ್ದು ಅಂತ ಮೊದ್ಲೇ ನೀವೇ ಗಾಳಿ ತೆಗೆಯೋದು."

"ಹೂಂ ಮಾವ."

ಮುಂದೆ ಮಾತಿಲ್ಲ. ಮಗಳನ್ನ ಯಾರಿಗೆ ಕೊಟ್ಬಿಟ್ಟೆ ಅಂತ ಮುಖದಲ್ಲೇ ಬರೆದಿತ್ತು.

ಟ್ರ್ಯಾಕ್ ನಿಜಕ್ಕೂ ಈಜಿ. ಒಂದು ಕಡೆ ನೀರು ನಿಂತಿತ್ತು, ಆಳ ಗೊತ್ತಿಲ್ದೆ ಇಳಿಸ್ಬಾರ್ದು ಅನ್ನೋದು ರೂಲು, ನಾನು ಶೂ ಬಿಚ್ಚೋಷ್ಟರಲ್ಲಿ ಮಾವ ಪಂಚೆ ಎತ್ತಿ ಕಟ್ಟಿ ಒಂದು ಕೋಲು ಹಿಡ್ಕೊಂಡು ಆ ಕಡೆ ಹೋಗಿ "ಮೊಣಕಾಲೂ ಮುಳುಗಲ್ಲ, ಬನ್ನಿ" ಅಂದ್ರು. ಕಾಲಲ್ಲಿ ಒಂದು ಇಂಬಳ. ಊರಿನ ನೆಂಟ ಸಿಕ್ಕಂಗೆ ಖುಷಿಯಾದ್ರು, ಬೇಗ ಕೀಳಲೂ ಇಲ್ಲ.

ತೊಂದರೆ ಶುರುವಾಗಿದ್ದು ಟ್ರ್ಯಾಕ್ ಮುಗಿದ್ಮೇಲೆ. ಗಾಳಿ ತುಂಬೋ ಕಂಪ್ರೆಸರ್ ಹಾಕಿದ್ದೇ ತಡ, ಫ್ಯೂಸ್ ಢಬ್. ಅಷ್ಟು ಕಮ್ಮಿ ಗಾಳೀಲಿ ಡಾಂಬರಿನ ಮೇಲೆ ಸ್ಪೀಡಾಗಿ ಹೋದ್ರೆ ಟೈರ್ ಕಾದು ಹಾಳಾಗುತ್ತೆ, ಅದಕ್ಕೆ ಬಂಕ್ ಸಿಗೋವರೆಗೂ ತೆವಳಿದ್ವಿ, ಹಿಂದೆ ಕಾರುಗಳ ದಿಬ್ಬಣ. ಮಾವ ಒಂದ್ ಮಾತಾಡ್ಲಿಲ್ಲ, ಬೈದಿದ್ರೇ ವಾಸಿ ಇತ್ತು.

ಬಂಕಲ್ಲಿ ಪೈಪ್ ಅವರೇ ಕಿತ್ಕೊಂಡ್ರು. ಗಾಳಿ ತುಂಬ್ತಿರುವಾಗ ಪಕ್ಕದಲ್ಲಿ ಲ್ಯಾಂಡ್‌ಕ್ರೂಸರ್ ನಿಲ್ಸಿದ ಗಡ್ಡದವನೊಬ್ಬ, ನಮ್ಮ ಕಾರಿನ ಕೆಸರು ನೋಡಿ, ಟ್ರ್ಯಾಕ್ ಹೇಗಿದೆ ಅಂತ ಮಾವನ್ನ ಕೇಳ್ದ.

ಮಾವ ಟೈರಿಂದ ತಲೆ ಎತ್ತದೇನೇ "ಗುಡ್ ರೋಡ್. ಡೈಲಿ ಟೂ ಬಸ್ ಕ್ಯಾನ್ ಗೋ" ಅಂದ್ರು.