ಎಂಟರ್ ಒತ್ತಿ ಸಾರ್

"ಹಾಗಾದರೆ ಈ ಸೇವ್ ಬಟನ್ ಯಾಕೆ ಇಟ್ಟಿದ್ದೀರಿ?"

ಬೆಳಗ್ಗೆಯಿಂದ ಇದೊಂದೇ ಮಾತು ಕಿವಿಯಲ್ಲಿ ಕೂತಿದೆ.

ನಾನು ಮಾಡಿದ ಟ್ರೀ ಟೇಬಲ್ (ಮರದ ಹಾಗೆ ಬಿಚ್ಚಿ ನೋಡುವ ಸಾಲುಗಳ ಕೋಷ್ಟಕ) ಸಾರ್ ಎಲ್ಲರ ಮುಂದೆ ಒತ್ತಿ ನೋಡುತ್ತಿದ್ದರು. ಅವರು ಮೂರನೇ ಹಂತದ ನೋಡ್, ಅಂದರೆ ಕೊಂಬೆ, ಬಿಚ್ಚಿದರು. ಸೆಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರು. 25 ಇದ್ದದ್ದನ್ನು ಅಳಿಸಿ 40 ಅಂತ ಬರೆದರು. ಎಂಟರ್ ಒತ್ತಲಿಲ್ಲ, ಟ್ಯಾಬ್ ಒತ್ತಲಿಲ್ಲ. ಸೀದಾ ಮೇಲೆ ಹೋಗಿ ಸೇವ್ ಒತ್ತಿದರು. ಫೈಲ್ ಮುಚ್ಚಿ ಮತ್ತೆ ತೆರೆದರು. 25. ಯಾರೂ ಉಸಿರೆತ್ತಲಿಲ್ಲ. ಇನ್ನೊಂದು ಸಲ ಮಾಡಿದರು, ಈ ಸಲ ನಿಧಾನಕ್ಕೆ, ತಪ್ಪು ತಮ್ಮದೇ ಇರಬೇಕು ಅನ್ನುವ ಹಾಗೆ. ಮತ್ತೆ 25. ಸುಮ್ನೆ ಇರಬಹುದಿತ್ತು ನಾನು. ಬಾಯಿ ಬಿಟ್ಟೆ: "ಎಂಟರ್ ಒತ್ತಿ ಸಾರ್." ಆಗ ಬಂತು ಆ ಪ್ರಶ್ನೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಯಾರು ಅಂತ ನನಗೆ ಗೊತ್ತು.

ಜಾವಾದಲ್ಲಿ ಪರದೆ ಕಟ್ಟಲು ಸ್ವಿಂಗ್ ಅನ್ನುವ ಲೈಬ್ರರಿ ಇದೆ, ಅದರ ಕೋಷ್ಟಕದ ಹೆಸರು ಜೆಟೇಬಲ್. ಅದರಲ್ಲಿ ಬರೆದದ್ದು ಮೊದಲು ಎಡಿಟರ್ (ಸೆಲ್ ಮೇಲೆ ತೆರೆಯುವ ಬರೆಯುವ ಪೆಟ್ಟಿಗೆ) ಒಳಗೇ ಇರುತ್ತದೆ. ಸ್ಟಾಪ್‌ಸೆಲ್‌ಎಡಿಟಿಂಗ್ ಅನ್ನುವ ಮೆಥಡ್ ಕರೆದ ಮೇಲೆಯೇ ಮಾಡೆಲ್‌ಗೆ, ಅಂದರೆ ನಿಜವಾದ ಡೇಟಾಗೆ, ಹೋಗುವುದು. ಫೋಕಸ್ (ಕೀಲಿ ಒತ್ತಿದರೆ ಯಾವುದಕ್ಕೆ ಹೋಗುತ್ತದೆ ಅನ್ನುವುದು) ಸೆಲ್ ಬಿಟ್ಟು ಹೋದಾಗ ಎಡಿಟಿಂಗ್ ತಾನಾಗಿ ನಿಲ್ಲಲಿ ಅಂತ ಒಂದು ಪ್ರಾಪರ್ಟಿ ಇದೆ, ಟರ್ಮಿನೇಟ್‌ಎಡಿಟ್‌ಆನ್‌ಫೋಕಸ್‌ಲಾಸ್ಟ್. ಹಾಕಿದ್ದೆ ಮಾರಾಯರೇ! ಆದರೆ ಟೂಲ್‌ಬಾರ್ ಬಟನ್‌ಗಳು ಫೋಕಸ್ ಕಸಿಯಬಾರದು ಅಂತ ಸೆಟ್‌ಫೋಕಸಬಲ್ ಫಾಲ್ಸ್ ಮಾಡಿದವನೂ ನಾನೇ. ಬಟನ್ ಫೋಕಸ್ ಕೇಳುವುದಿಲ್ಲ, ಸೆಲ್ ಬಿಡುವುದಿಲ್ಲ. "ಬರೀ ಸೆಲ್ ಎಡಿಟ್ ಅಲ್ವಾ, ಅರ್ಧ ದಿನ ಸಾಕು" ಅಂತ ಮೀಟಿಂಗ್‌ನಲ್ಲಿ ಕೊಚ್ಚಿಕೊಂಡ ಮಹಾನುಭಾವ ಯಾರು? ಅದೂ ನಾನೇ. ಈಗ ಮೂರು ವಾರ ಆಯಿತು.

ಆದರೂ ಎಲ್ಲಾ ನನ್ನ ತಲೆಗೇ ಕಟ್ಟಬೇಡಿ. 1998ರಲ್ಲಿ ಜೆಡಿಕೆ (ಜಾವಾ ಬರೆಯುವವರ ಕಿಟ್) 1.2 ಜೊತೆ ಸ್ವಿಂಗ್ ಬಂತು. ಮರ ತೋರಿಸುವ ಜೆಟ್ರೀ ಇದೆ, ಜೆಟೇಬಲ್ ಇದೆ, ಎರಡೂ ಸೇರಿದ ಒಂದು ಕಾಂಪೊನೆಂಟ್ ಇವತ್ತಿಗೂ ಅದರಲ್ಲಿಲ್ಲ. ಹಾಗಾಗಿ ಮೊದಲ ಕಾಲಮ್‌ಗೆ ಇಡೀ ಟ್ರೀಯನ್ನೇ ರೆಂಡರರ್ (ಸೆಲ್‌ನಲ್ಲಿ ಚಿತ್ರ ಬಿಡಿಸುವವನು) ಮಾಡಿ ಕೂರಿಸಿದ್ದೇನೆ. ಅಲ್ಲಿ ಕಾಣುವುದು ಮರವಲ್ಲ, ಮರದ ಚಿತ್ರ. ಅದರ ಪ್ಲಸ್ ಗುರುತಿನ ಮೇಲೆ ಕ್ಲಿಕ್ ಮಾಡಿದರೆ ಅದು ಟೇಬಲ್‌ಗೆ ಬೀಳುತ್ತದೆ. ನಾನು ಆ ಕ್ಲಿಕ್ಕನ್ನು ಹಿಡಿದು ಟ್ರೀಗೆ ದಾಟಿಸಬೇಕು, ಅಂಚೆಯವನ ಹಾಗೆ.

ಇನ್ನೊಂದು ಇದೆ, ಅದನ್ನು ಇವತ್ತು ಅವರು ನೋಡಲಿಲ್ಲ, ಪುಣ್ಯ. ನೀವು ಟೈಪ್ ಮಾಡುತ್ತಿರುವಾಗಲೇ ಹಿನ್ನೆಲೆಯಲ್ಲಿ ರಿಫ್ರೆಶ್ ಆಗಿ ಮೇಲೊಂದು ನೋಡ್ ಸೇರಿತು ಅಂದುಕೊಳ್ಳಿ. ಸಾಲುಗಳೆಲ್ಲ ಕೆಳಗೆ ಸರಿಯುತ್ತವೆ. ಟೇಬಲ್ ಮಾತ್ರ ಹಳೇ ಸಾಲಿನ ನಂಬರನ್ನೇ ಹಿಡಿದುಕೊಂಡಿರುತ್ತದೆ. ನಿಮ್ಮ 40 ಹೋಗಿ ಪಕ್ಕದ ಮನೆಯಲ್ಲಿ ಕೂರುತ್ತದೆ. ಎರರ್ ಇಲ್ಲ, ಏನೂ ಇಲ್ಲ.

ಹೋಗಲಿ ಬಿಡಿ. ನಾಳೆ ಎಲ್ಲಾ ಕಿತ್ತು ಒಂದು ಡೈಲಾಗ್ ಹಾಕುತ್ತೇನೆ, ಅದರಲ್ಲೇ ತುಂಬಲಿ. ಇಲ್ಲ, ಹಾಕಲ್ಲ! ಮೂರು ವಾರ ಯಾಕೆ ಸತ್ತೆ ಹಾಗಾದರೆ? ಟ್ರೀ ಟೇಬಲ್‌ನಲ್ಲಿ ಸೆಲ್ ಎಡಿಟಿಂಗ್ ಸರಿಯಾಗಿ ಮಾಡಿದವರು ಒಬ್ಬರಾದರೂ ಇದ್ದೀರಾ? ಇದ್ದರೆ ಬಾಯಿ ಬಿಡಿ, ಒಬ್ಬರಾದರೂ.

ಸೇವ್ ಬಟನ್‌ನ ಲಿಸನರ್ (ಒತ್ತಿದಾಗ ಓಡುವ ಕೋಡ್) ಒಳಗೆ, ಶುರುವಿನಲ್ಲೇ, ಈಗಷ್ಟೇ ಸ್ಟಾಪ್‌ಸೆಲ್‌ಎಡಿಟಿಂಗ್ ಕರೆದೆ. ಎರಡೇ ಸಾಲು. 40 ಉಳಿಯಿತು. ಖುಷಿಯಲ್ಲಿ ಇನ್ನೊಂದು ಸೆಲ್ ಬದಲಾಯಿಸಿ ಕಂಟ್ರೋಲ್ ಎಸ್ ಒತ್ತಿದೆ.

ಅದರ ಲಿಸನರ್ ಬೇರೆಯಂತೆ. ಬರೆದವನು ನಾನೇ.