ಎಲ್ಲ 'ಇನ್ನೂ' 'ಯೆಟ್' ಆಗಲ್ಲ
ಇಂಗ್ಲಿಷಿನ 'ಯೆಟ್' (yet) ಪದದ ಬಗ್ಗೆ ನಿಮ್ಮ ಪೋಸ್ಟ್‌ನಲ್ಲಿ 'ಯೆಟ್ ಅಂದ್ರೆ ಇನ್ನೂ, ಇಷ್ಟು ನೆನಪಿಟ್ಟರೆ ಸಾಕು' ಅಂತ ಬರೆದಿದ್ದೀರಲ್ಲ, ಎಡವಟ್ಟಾಗೋದು ಅಲ್ಲೇ. ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಾ ಆಫೀಸಿಗೆ ಫೋನ್ ಮಾಡಿ, 'ಐ ಆಮ್ ಯೆಟ್ ವೇಟಿಂಗ್' ಅಂದಿದ್ದೆ. ಆ ಕಡೆಯಿಂದ ಕಿಸಕ್ಕನೆ ನಗು. ಮೇಷ್ಟ್ರು ಕಲಿಸಿದ್ದೂ ನಿಮ್ಮ ಸೂತ್ರವನ್ನೇ!

ನಮ್ಮ 'ಇನ್ನೂ' ಎರಡು ಕೆಲಸ ಮಾಡುತ್ತದೆ. 'ಬಸ್ ಇನ್ನೂ ಬಂದಿಲ್ಲ' ಅನ್ನೋದಕ್ಕೆ ಯೆಟ್ ಸರಿ: 'ದ ಬಸ್ ಹ್ಯಾಸಂಟ್ ಕಮ್ ಯೆಟ್', ಅದೂ ಸಾಮಾನ್ಯವಾಗಿ ವಾಕ್ಯದ ಕೊನೆಗೆ. 'ಇನ್ನೂ ಕಾಯುತ್ತಿದ್ದೇನೆ' ಅನ್ನೋದಕ್ಕೆ ಸ್ಟಿಲ್ (still) ಬೇಕು: 'ಐ ಆಮ್ ಸ್ಟಿಲ್ ವೇಟಿಂಗ್'. ಪ್ರಶ್ನೆಯಲ್ಲಂತೂ ನಿಮ್ಮ ಸೂತ್ರ ಪೂರ್ತಿ ಕೈಕೊಡುತ್ತದೆ. 'ಹ್ಯಾಸ್ ಇಟ್ ಕಮ್ ಯೆಟ್?' ಅನ್ನೋದನ್ನು ನಮ್ಮ ಕಡೆ 'ಬಸ್ ಬಂತೇನ್ರೀ?' ಅಂತ ಕೇಳುತ್ತೇವೆ. ಅಲ್ಲಿ 'ಇನ್ನೂ' ಎಲ್ಲಿದೆ, ಹೇಳಿ?