ಸ್ಪಷ್ಟನೆ: ಮೂರು ಸಾಲಿನ ಹಾರ್ಪ್ ಹುಟ್ಟಿದ್ದು ವೇಲ್ಸ್‌ನಲ್ಲಲ್ಲ

ಹಾರ್ಪ್ ಅಂದ್ರೆ ಬೆರಳಿನಿಂದ ಮೀಟುವ ತಂತಿವಾದ್ಯ. ಮೂರು ಸಾಲು ತಂತಿಗಳ ‘ವೆಲ್ಶ್ ಟ್ರಿಪಲ್ ಹಾರ್ಪ್’ ಬ್ರಿಟನ್ನಿನ ವೇಲ್ಸ್‌ನಲ್ಲೇ ಹುಟ್ಟಿದ, ಸಾವಿರಾರು ವರ್ಷ ಹಳೆಯ ವಾದ್ಯ ಅನ್ನೋ ಮಾತು ಓಡಾಡುತ್ತಿದೆ. ಅದು ಸರಿಯಲ್ಲ. ಈ ಹಾರ್ಪ್ ಬೆಳಕಿಗೆ ಬಂದಿದ್ದು ಇಟಲಿಯಲ್ಲಿ, 16ನೇ ಶತಮಾನದ ಕೊನೆಗೆ. 17ನೇ ಶತಮಾನದಲ್ಲಿ ಲಂಡನ್‌ಗೆ ಬಂತು. ಅಲ್ಲಿದ್ದ ವೆಲ್ಶ್ ವಾದಕರು ಅದಕ್ಕೆ ಮನಸೋತರು. ಸುಮ್ನೆ ಅಲ್ಲ! ಹೊರಗಿನ ಎರಡು ಸಾಲುಗಳಲ್ಲೂ ಒಂದೇ ರೀತಿಯ ಸ್ವರಗಳು, ನಡುವಿನ ಸಾಲಿನಲ್ಲಿ ಪಿಯಾನೋದ ಕಪ್ಪು ಕೀಗಳಲ್ಲಿ ಬರುವ ಸ್ವರಗಳು. ಹಾಗಾಗಿ ಒಂದೇ ಸ್ವರವನ್ನು ಎರಡೂ ಕೈಯಿಂದ ಬೆನ್ನು ಬೆನ್ನಿಗೆ ಮೀಟಬಹುದು. ಬೇರೆ ಕಡೆ ಇದು ಮೂಲೆಗೆ ಸೇರಿತು, ವೇಲ್ಸ್ ಬಿಡಲಿಲ್ಲ. 20ನೇ ಶತಮಾನದಲ್ಲಿ ಇದನ್ನು ಉಳಿಸಿದವರಲ್ಲಿ ವೆಲ್ಶ್ ಹಾರ್ಪ್ ವಾದಕಿ ನಾನ್ಸಿ ರಿಚರ್ಡ್ಸ್ ದೊಡ್ಡ ಹೆಸರು.

ವೇಲ್ಸ್‌ನಲ್ಲಿ ಇದಕ್ಕೂ ಹಳೆಯ ಹಾರ್ಪ್ ಇತ್ತು, ಕುದುರೆ ಕೂದಲಿನ ತಂತಿಯದು. ಆದರೆ ಅದು ಬೇರೆಯೇ ವಾದ್ಯ.